ಷಡಕ್ಷರಿ ನಡೆಸಿದ ಸಂಸಾರ

ಕೃಷ್ಣಪ್ಪ ಇವತ್ತೋ ನಾಳೆಯೋ ಸಾಯುತ್ತಾರೆಂದು ಕಂಪ್ಯೂಟರು ತೋರಿಸುತ್ತಿತ್ತು. ಷಡಕ್ಷರಿ ಆಟವನ್ನು ನಿಲ್ಲಿಸಿ ಅಂಗೈ ಬೆವರನ್ನು ಪಂಚೆಗೆ ಒರೆಸಿಕೊಂಡ. ಇಲ್ಲಿ ನಿಲ್ಲಿಸಿದರೆ ಅಲ್ಲಿ ಎಲ್ಲವೂ ನಿಲ್ಲುತ್ತಿತ್ತು. ಕುರ್ಚಿಯಿಂದ ಏಳುತ್ತಿದ್ದ ಮುದುಕ ಅರ್ಧಕ್ಕೇ ನಿಂತಿದ್ದರು, ಒಲೆಯ ಮೇಲಿನ ಹೊಗೆ ಕೂಡ ಕದಲುತ್ತಿರಲಿಲ್ಲ. ನರಸಿಂಹರಾಜಪುರದ ಈ ಬಾಡಿಗೆ ಮನೆಯಲ್ಲಿ ಮಾತ್ರ ಭಾನುವಾರ ತನ್ನ ಪಾಡಿಗೆ ನಡೆದಿತ್ತು. ಹೆಂಡತಿ ಸುಮಂಗಲ ಬೆಳಗಿನ ಬಸ್ಸಿಗೇ ಕೊಪ್ಪದ ಅಕ್ಕನ ಮನೆಗೆ ಹೋಗಿದ್ದಳು. ಮಗಳು ನಿಶ್ಚಿತಾ ಹಿತ್ತಿಲ ಬಿಸಿಲಲ್ಲಿ ಕೂದಲು ಹರಡಿಕೊಂಡು ಎಂಟನೇ ಕ್ಲಾಸಿನ ಸಮಾಜ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಅವಳು ಒಳಗೆ ಬರುವುದರೊಳಗೆ ಕೃಷ್ಣಪ್ಪನವರದೊಂದು ಕೆಲಸ ಮುಗಿಸಬೇಕಿತ್ತು. ಸಾಯುವ ಮೊದಲು ಅವರು ಮಗಳ ಮುಖ ನೋಡಬೇಕು, ಅಷ್ಟೆ. ನಲವತ್ತಾರು ವರ್ಷದ ಗ್ರಾಮ ಲೆಕ್ಕಿಗನೊಬ್ಬ ಇದಕ್ಕಾಗಿ ತಿಂಡಿ ಬಿಟ್ಟು ಕೂತಿದ್ದಾನೆಂದರೆ ಕೇಳಿದವರು ನಕ್ಕಾರು. ನಗಲಿ ಎಂದುಕೊಂಡ.

ಆಟದ ಸಿ.ಡಿ.ಯನ್ನು ಹಾಕಿಕೊಟ್ಟವನು ಸುಮಂಗಲಳ ಅಣ್ಣನ ಮಗ, ಶಿವಮೊಗ್ಗದಲ್ಲಿ ಓದುವ ಕಿರಣ. ಅದರಲ್ಲಿ ಗುಂಡು ಹಾರಿಸುವುದಿಲ್ಲ, ಕಾರು ಓಡಿಸುವುದಿಲ್ಲ, ಗೆಲ್ಲುವುದು ಸೋಲುವುದು ಎಂಬುದೇ ಇಲ್ಲ. ಬೊಂಬೆಯಂಥ ಮನುಷ್ಯರನ್ನು ಮಾಡಿ, ಹೆಸರಿಟ್ಟು, ಮನೆ ಕಟ್ಟಿಕೊಟ್ಟು, ಉಣ್ಣಿಸಿ ಮೀಯಿಸಿ ಮದುವೆ ಮಾಡಿ ಸಂಸಾರ ನಡೆಸಿಕೊಂಡು ಹೋಗುವುದು. ಅವರಿಗೆ ವಯಸ್ಸಾಗುತ್ತದೆ, ಸಾಯುತ್ತಾರೆ, ಮಕ್ಕಳು ಮೊಮ್ಮಕ್ಕಳು ಮುಂದುವರಿಸುತ್ತಾರೆ. ನಿಶ್ಚಿತಾಳ ಮನೆತನ ಆಗಲೇ ನಾಲ್ಕನೇ ತಲೆಮಾರಿಗೆ ಬಂದಿತ್ತು. "ಇರೋ ಸಂಸಾರ ಸಾಕಾಗಿಲ್ಲ ಅಂತ ಇದಕ್ಕೆ ಬೇರೆ ಕರೆಂಟು ಸುಡಬೇಕಾ" ಎಂದು ಮೊದಮೊದಲು ಷಡಕ್ಷರಿಯೇ ಗೊಣಗಿದ್ದ. ಒಂದು ದಿನ ಅವಳು ಯಾವುದೋ ಗುಂಡಿ ಒತ್ತಿ ಆ ಮನೆಯ ವಂಶಾವಳಿಯನ್ನು ತೆರೆದು ತೋರಿಸಿದಳು. ಪುಟ್ಟ ಪುಟ್ಟ ಮುಖಗಳು, ಮೇಲಿಂದ ಕೆಳಕ್ಕೆ ಗೆರೆಗಳು. ಸತ್ತವರ ಮುಖ ಬಣ್ಣ ಕಳೆದುಕೊಂಡಿತ್ತು, ಇದ್ದವರದು ಬಣ್ಣದಲ್ಲಿತ್ತು. "ಇದನ್ನ ಯಾರು ಬರೀತಾರೆ?" ಎಂದು ಕೇಳಿದ. "ಯಾರೂ ಬರೆಯಲ್ಲ ಅಪ್ಪ, ಅದೇ ಬರ್ಕೊಳುತ್ತೆ. ಹುಟ್ಟಿದವರೆಲ್ಲ ಬರ್ತಾರೆ, ನಾವು ತೆಗೀತೀನಿ ಅಂದ್ರೂ ಆಗಲ್ಲ." ಇಪ್ಪತ್ತೆರಡು ವರ್ಷ ಕಂಡವರ ಮನೆಯ ವಂಶಾವಳಿ ಬರೆದುಕೊಂಡೇ ಬಂದ ಮನುಷ್ಯನಿಗೆ ಆ ಮಾತು ಅಷ್ಟು ಹಿತವಾಗಿ ಕೇಳಿಸಲಿಲ್ಲ. ಮುಂದಿನ ಭಾನುವಾರ, ನನಗೂ ಒಂದು ಮನೆ ಹಾಕಿಕೊಡು ಎಂದ. ಹೆಸರುಗಳನ್ನು ಅವನೇ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದಾಗಿ ಹುಡುಕಿ ಒತ್ತಿದ. ಅಪ್ಪ ಕೃಷ್ಣಪ್ಪ. ಮಗ ಪೂರ್ಣೇಶ. ಮಗಳು ಸೀತಕ್ಕ. ಬೇರೆ ಮನೆಯಲ್ಲಿ ಅವಳ ಗಂಡ ಶೇಷಪ್ಪ. ಯಾರಪ್ಪ ಇವರು ಎಂದು ಮಗಳು ಕೇಳಿದ್ದಕ್ಕೆ, ಮನಸ್ಸಿಗೆ ಬಂದ ಹೆಸರು ಎಂದಿದ್ದ.

ಈಗ ಆ ಸೀತಕ್ಕ ತೌರಿನ ಮುಂದಿನ ದಾರಿಯಲ್ಲಿ ನಿಂತಿದ್ದಾಳೆ. ಆಟದೊಳಗಿನ ಫೋನಿನಿಂದ ಕರೆಸಿದವನು ಅವನೇ. ಆದರೆ ಅಲ್ಲೊಂದು ಕಟ್ಟಳೆ: ಬಂದವರು ತಾವಾಗಿ ಒಳಗೆ ಬರುವುದಿಲ್ಲ, ಮನೆಯವರೊಬ್ಬರು ಎದ್ದು ಹೋಗಿ ಬನ್ನಿ ಎನ್ನಬೇಕು. ಪೂರ್ಣೇಶನ ಮೇಲೆ ಒತ್ತಿ ಕಳಿಸಿದರೆ ಅವನು ನಾಲ್ಕು ಹೆಜ್ಜೆ ಹೋಗಿ, ಹಸಿವೆಂದು ಹೊಟ್ಟೆ ಮುಟ್ಟಿಕೊಂಡು ಫ್ರಿಜ್ಜಿನತ್ತ ತಿರುಗುತ್ತಾನೆ. ಮೂರು ಸಲ ಹೀಗೇ ಆಯಿತು. ಅವಳು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, ಆಗಾಗ ಕೈಗಡಿಯಾರ ನೋಡಿಕೊಳ್ಳುತ್ತ ನಿಂತೇ ಇದ್ದಾಳೆ. ಎರಡು ವರ್ಷದ ಹಿಂದೆ ಉಣಗೋಲಿನ, ಎಂದರೆ ಅಡ್ಡಗಳೆಯ ಗೇಟಿನ, ಆಚೆ ನಿಂತಿದ್ದ ನಿಜವಾದ ಸೀತಕ್ಕನಿಗೆ ಕೈಗಡಿಯಾರ ಇರಲಿಲ್ಲ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ಬ್ರೆಡ್ಡಿನ ಪೊಟ್ಟಣ. ಶೆಟ್ಟಿಕೊಪ್ಪದಾಚೆಯ ಕೌಲುಗದ್ದೆಯಲ್ಲಿ, ಕೃಷ್ಣಪ್ಪನವರ ಮನೆಯ ಜಗಲಿಯ ಮೇಲೆ ಷಡಕ್ಷರಿ ಪಹಣಿ ಪುಸ್ತಕ ಬಿಡಿಸಿಕೊಂಡು ಕೂತು ಕಾಫಿ ಕುಡಿಯುತ್ತಿದ್ದ. ಒಳಗೆ ಕೃಷ್ಣಪ್ಪನವರ ಉಸಿರು ಗೊರಗೊರ ಕೇಳುತ್ತಿತ್ತು. "ಅಣ್ಣಯ್ಯ, ಒಂದ್ಸಲ ನೋಡಿ ಹೋಗ್ತೀನಿ" ಎಂದಳು ಆಕೆ. ಪೂರ್ಣೇಶ ಮೆಟ್ಟಿಲಿನಿಂದಲೇ "ಯಾರದು? ನಮಗೆ ಹಂಗೆ ಯಾರೂ ಇಲ್ಲ" ಎಂದು ಒಳಗೆ ಹೋದ. ಆಕೆ ಆಮೇಲೆ ನೋಡಿದ್ದು ಷಡಕ್ಷರಿಯನ್ನು. ಹೊರಗಿನವನು, ಸರ್ಕಾರದವನು, ಒಂದು ಮಾತು ಹೇಳಿಯಾನು ಎಂಬಂತೆ ನೋಡಿದಳು. ಷಡಕ್ಷರಿ ಪುಸ್ತಕದಲ್ಲಿ ಸರ್ವೆ ನಂಬರೊಂದನ್ನು ಬಹಳ ಹೊತ್ತು ಹುಡುಕಿದ. ತಲೆ ಎತ್ತಿದಾಗ ಉಣಗೋಲಿನ ಕಂಬದ ಮೇಲೆ ಬ್ರೆಡ್ಡಿನ ಚೀಲ ಮಾತ್ರ ನೇತಾಡುತ್ತಿತ್ತು.

ಅದಾದ ಒಂದು ವಾರಕ್ಕೆ ಕೃಷ್ಣಪ್ಪ ಹೋದರು. ಆ ವರ್ಷದ ಹಿರಿಯರ ಹಬ್ಬಕ್ಕೆ ಪೂರ್ಣೇಶ ಷಡಕ್ಷರಿಯನ್ನು ಊಟಕ್ಕೆ ಕರೆದ. ದೇವರ ಕೋಣೆಯಲ್ಲಿ ಎರಡು ಎಡೆ ಇಟ್ಟಿದ್ದರು. ಕೃಷ್ಣಪ್ಪನವರ ಎಡೆಯ ಮುಂದೆ ಪಂಚೆ, ಶಲ್ಯ, ಒಂದು ಕಟ್ಟು ಬೀಡಿ. ಪಕ್ಕದ ಎಲೆಯ ಮುಂದೆ ಹಸಿರು ಸೀರೆ, ಒಂದು ಡಜನ್ ಬಳೆ. ಆ ಸೀರೆಯ ಮಡಿಕೆ ಹಳೆಯದಾಗಿ ಅಂಚಿನಲ್ಲಿ ಬಣ್ಣ ಹೋಗಿತ್ತು; ವರ್ಷ ವರ್ಷವೂ ಅದನ್ನೇ ಇಟ್ಟು ತೆಗೆಯುತ್ತಿದ್ದರೆಂದು ಕಾಣುತ್ತದೆ. ಷಡಕ್ಷರಿ ಕೇಳಲಿಲ್ಲ. ಪೂರ್ಣೇಶನೇ ಹೇಳಿದ: "ತಂಗೀದು. ತೋಟದ ಆಳಿನ ಹಿಂದೆ ಓಡಿಹೋದ್ಲಲ್ಲ, ಆ ವರ್ಷವೇ ಅಪ್ಪ ಎಳ್ಳುನೀರು ಬಿಟ್ರು. ಹೋದವಳು ಹೋದವರ ಲೆಕ್ಕಕ್ಕೇ." ಎಡೆಯಿಂದ ತೆಗೆದ ಕಡುಬನ್ನು ಷಡಕ್ಷರಿಯ ಎಲೆಗೂ ಬಡಿಸಿದರು. ತಿಂದ. ರುಚಿಯಾಗಿತ್ತು ಎಂಬುದನ್ನೂ ಮರೆಯಲಾಗಲಿಲ್ಲ. ಮುಂದಿನ ತಿಂಗಳು ಖಾತೆ ಬದಲಾವಣೆಗೆ ವಂಶಾವಳಿ ಬೇಕೆಂದು ಪೂರ್ಣೇಶ ಅರ್ಜಿ ಕೊಟ್ಟಾಗ ಪಂಚರು ಐದು ಜನ ಬಂದು ಕೂತರು, ಕೆಮ್ಮಿದರು, ಸಹಿ ಹಾಕಿದರು. ಊರವರು ಸೀತಕ್ಕ ಎನ್ನುವ ಆ ತಂಗಿಯ ಹೆಸರನ್ನು ಬರೆಯದೆ ಬಿಟ್ಟರೆ ಮುಂದೆ ತಕರಾರು ಬಂದೀತು. ಬರೆದರೆ ಈಗಲೇ ತಕರಾರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಡೆ ಇಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನಲ್ಲ, ಸ್ವಂತ ಅಪ್ಪನೇ ಎಳ್ಳುನೀರು ಬಿಟ್ಟಮೇಲೆ ನನ್ನದೇನು ಎಂದುಕೊಂಡು, ದುಂಡಗಿನ ಅಕ್ಷರದಲ್ಲಿ, ಸೀತಮ್ಮ, ಮೃತ, ಸಂತತಿ ಇಲ್ಲ ಎಂದು ಬರೆದ. ಪೂರ್ಣೇಶ ಏನೂ ಕೊಡಲಿಲ್ಲ, ಇವನೂ ಕೇಳಲಿಲ್ಲ. ಒಂದು ಲಂಚವನ್ನಾದರೂ ತಿಂದಿದ್ದರೆ ಯಾಕೆ ಬರೆದೆ ಎಂಬುದಕ್ಕೆ ತನಗೆ ತಾನೇ ಹೇಳಿಕೊಳ್ಳಲು ಒಂದು ಕಾರಣವಿರುತ್ತಿತ್ತು ಎಂದು ಅವನಿಗೆ ಈಚೆಗೆ ಅನಿಸುತ್ತದೆ. ಎದುರಿಗೆ ಕೂತ ಮನುಷ್ಯನ ಮುಖ ಕೆಡಬಾರದು ಎಂಬುದಷ್ಟೇ ಕಾರಣ.

"ಶ್ಯಾನುಭೋಗ್ರ ಮನೆ ಇದೇ ಅಲ್ವಾ?"

ಅಂಗಳದಿಂದ ಬಂದ ದನಿ. ಕಿಟಕಿಯಲ್ಲಿ ನೋಡಿದ ಷಡಕ್ಷರಿಗೆ ಕೂತಲ್ಲಿಂದ ಏಳಲಾಗಲಿಲ್ಲ. ಆಕೆಯೇ. ಇನ್ನಷ್ಟು ಸೊರಗಿದ್ದಳು, ಕಿವಿಯ ಬಳಿ ಕೂದಲು ನೆರೆತಿತ್ತು, ಬಗಲಲ್ಲಿ ಬಟ್ಟೆಯ ಚೀಲ. ತುಳಸಿಕಟ್ಟೆಯ ಹತ್ತಿರ ನಿಂತು ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸಿದಳು. ಬನ್ನಿ ಎನ್ನಬೇಕು ಎಂದು ಷಡಕ್ಷರಿಗೆ ಗೊತ್ತಿತ್ತು. ಅಷ್ಟರಲ್ಲಿ ಹಿತ್ತಿಲಿನಿಂದ ಬಳಸಿ ಬಂದ ನಿಶ್ಚಿತಾ "ಹೌದು, ಬನ್ನಿ, ಒಳಗೆ ಬನ್ನಿ. ಅಪ್ಪಾ, ಯಾರೋ ಬಂದಿದಾರೆ" ಎಂದು ಕೂಗಿ ಚಾಪೆ ಹಾಸಿಯೂ ಆಯಿತು.

ಸೀತಕ್ಕ ಚಾಪೆಯ ಅಂಚಿನಲ್ಲಿ ಕೂತಳು. ಕಿಗ್ಗದಿಂದ ಶೃಂಗೇರಿಗೆ ಒಂದು ಬಸ್ಸು, ಅಲ್ಲಿಂದ ಕೊಪ್ಪಕ್ಕೆ ಒಂದು, ಕೊಪ್ಪದಿಂದ ಇಲ್ಲಿಗೆ ಇನ್ನೊಂದು ಎಂದು ನಿಶ್ಚಿತಾಳಿಗೆ ಹೇಳಿದಳು. ಆಮೇಲೆ ಚೀಲದಿಂದ ನಾಲ್ಕು ಮಡಿಕೆಯ ಜೆರಾಕ್ಸ್ ಹಾಳೆ ತೆಗೆದು ಷಡಕ್ಷರಿಯ ಕಡೆ ಹಿಡಿದಳು. "ಹೆಣ್ಣುಮಕ್ಕಳಿಗೂ ಪಾಲು ಅಂತ ಕಾನೂನು ಬಂದಿದೆ ಅಂತ ನಮ್ಮ ಹುಡುಗಿ ಪೇಪರ್‌ನಲ್ಲಿ ಓದಿದ್ಲು. ಕೇಳಿ ನೋಡಣ ಅಂತ ಗುರುವಾರ ಕಚೇರಿಗೆ ಬಂದೆ. ಅವ್ರು ಇದನ್ನ ಕೊಟ್ರು. ನನ್ನ ಹೆಸರಿನ ಪಕ್ಕ ಎಂತ ಬರ್ದಿದೆ ಅಂತ ಹುಡುಗಿ ಹೇಳಿದ್ಲು. ನಂಗೆ ಓದಕ್ಕೆ ಬರದಿಲ್ಲ. ಬರ್ದವರ ಬಾಯಲ್ಲೇ ಕೇಳಣ ಅಂತ ಬಂದೆ."

ಹಾಳೆಯ ಮೇಲೆ ಅವನ ದುಂಡಗಿನ ಅಕ್ಷರ. ಜೆರಾಕ್ಸಿನಲ್ಲಿ ಇನ್ನೂ ಕಪ್ಪಗೆ ಕಾಣುತ್ತಿತ್ತು. ಮಗಳು ಬಾಗಿಲಿಗೆ ಒರಗಿ ನಿಂತಿರುವುದನ್ನು ಷಡಕ್ಷರಿ ನೋಡಿದ. ಅವನ ಬಾಯಿ ತಾನಾಗಿ ಕಚೇರಿಯ ಮಾತು ಆಡತೊಡಗಿತು. "ನೋಡಿ ಅಮ್ಮ, ನಾವು ಮನೆಮನೆಗೆ ಹೋಗಿ ನೋಡಕ್ಕಾಗಲ್ಲ. ಪಂಚರು ಹೇಳ್ತಾರೆ, ನಾವು ಬರ್ಕೋತೀವಿ. ನಾನು ನಿಮ್ಮನ್ನ ನೋಡಿದವನೇ ಅಲ್ಲ. ಪೂರ್ಣೇಶ್ ಅವರಿಗೆ ತಂಗಿ ಇದಾರೆ ಅನ್ನೋದೇ ನಂಗೆ ಗೊತ್ತಿರಲಿಲ್ಲ."

ಆಕೆ ಅವನ ಮುಖವನ್ನು ನೋಡಿದಳು. ಜಗಲಿಯ ಮೇಲೆ ಬಗ್ಗಿಕೊಂಡಿದ್ದ ತಲೆಯನ್ನು ಆಕೆ ಅಂದು ಕಂಡಿದ್ದಳೇ, ಗುರುತು ಹತ್ತಿತೇ, ಒಂದೂ ತಿಳಿಯಲಿಲ್ಲ. "ಹೌದಾ" ಎಂದಳು. ಆಮೇಲೆ, "ಗೊತ್ತಿಲ್ದೆ ಆದದ್ದಾದ್ರೆ ಎಂತ ಮಾಡದು ಮಾರಾಯ್ರೆ. ತಪ್ಪು ಯಾರಿಂದಲೂ ಆಗ್ತದೆ" ಎಂದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇದನ್ನು ಸರಿ ಮಾಡಬೇಕಾದರೆ ಎ.ಸಿ. ಸಾಹೇಬರಿಗೆ ಅರ್ಜಿ ಹಾಕಬೇಕು, ವಕೀಲರನ್ನಿಡಬೇಕು, ವರ್ಷ ಎರಡು ವರ್ಷ ಹಿಡಿಯಬಹುದು ಎಂದು ಅವನು ವಿವರಿಸುತ್ತಲೇ ಹೋದ. ಆಕೆ ಎಲ್ಲದಕ್ಕೂ ತಲೆದೂಗಿದಳು. "ಗದ್ದೆ ಬೇಡ ಅಂತ ನಾನೇ ಬರ್ಸಿ ಕೊಡ್ತಿದ್ದೆ, ಅಣ್ಣಯ್ಯ ಒಂದು ಮಾತು ಕೇಳಿದ್ರೆ. ಈಗ ಹೆಬ್ಬೆಟ್ಟು ಒತ್ತುತೀನಿ ಅಂದ್ರೂ ಸತ್ತವಳದ್ದು ಯಾರಿಗೆ ಬೇಕು" ಎಂದು ನಕ್ಕಳು. ಷಡಕ್ಷರಿ ಕಾಫಿ ಮಾಡಿ ತರುತ್ತೇನೆಂದು ಎದ್ದ. ನಾನು ಮಾಡ್ತೀನಿ ಎಂದ ಮಗಳನ್ನು ಕೈಸನ್ನೆಯಲ್ಲೇ ಕೂರಿಸಿ ಅಡುಗೆಮನೆಗೆ ಹೋದ. ಅದು ಓಡಿಹೋದದ್ದು ಎಂದು ಅವನಿಗೂ ಗೊತ್ತಿತ್ತು.

ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ಯಾವುದೆಂದೇ ತಿಳಿಯಲಿಲ್ಲ. ಇಪ್ಪತ್ತು ವರ್ಷ ಈ ಹೆಂಗಸು ಇಟ್ಟ ಕಾಫಿ ಕುಡಿದಿದ್ದೇನೆ, ಸಕ್ಕರೆ ಎಲ್ಲಿಡುತ್ತಾಳೆಂದು ನೋಡಿಲ್ಲ ಎಂದು ಬೇಸರವಾಯಿತು. ಒಂದರಲ್ಲಿ ಮೆಂತ್ಯ, ಒಂದರಲ್ಲಿ ರವೆ. ಹಾಲಿಗೆ ಉರಿ ಹಚ್ಚಿ ನಿಂತ. ನಡುಕೋಣೆಯಿಂದ ಮಾತು ಕೇಳುತ್ತಿತ್ತು. "ಎಂತದು ಮಗ ಅದು? ಟೀವಿನಾ?" "ಅಲ್ಲ, ಕಂಪ್ಯೂಟರ್. ಆಟ ಇದು. ನೋಡ್ತೀರಾ?" ಷಡಕ್ಷರಿಯ ಕೈಯಲ್ಲಿದ್ದ ಮೆಂತ್ಯದ ಡಬ್ಬಿ ಕೈಯಲ್ಲೇ ಉಳಿಯಿತು. ಆಟ ನಿಲ್ಲಿಸಿದ್ದನೇ ಹೊರತು ಮುಚ್ಚಿರಲಿಲ್ಲ. "ನಂದು ಬೇರೆ ಮನೆ ಇದೆ. ಇದು ನಮ್ಮಪ್ಪಂದು. ಬೇಸಿಗೆ ರಜೆಯಿಂದ ಆಡ್ತಿದಾರೆ, ಮುಂದೆ ಹೋಗೋದೇ ಇಲ್ಲ, ಬರೀ ನಿಲ್ಲಿಸಿಕೊಂಡು ಕೂತಿರ್ತಾರೆ. ಈ ಅಜ್ಜ ಇದಾರಲ್ಲ, ಇವರ ಹೆಸರು ಕೃಷ್ಣಪ್ಪ. ಇನ್ನೇನು ಸತ್ತು ಹೋಗ್ತಾರೆ. ಇವನು ಮಗ, ಪೂರ್ಣೇಶ."

ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯಲ್ಲೇ ಮೀಟರಿನ ಹಲಗೆ, ಅದರಲ್ಲಿ ಮೇನ್ ಸ್ವಿಚ್ಚು. ಕೆಳಕ್ಕೆಳೆದರೆ ಸಾಕು. ಈ ಊರಲ್ಲಿ ಕರೆಂಟು ಹೋದರೆ ಯಾರೂ ಯಾಕೆಂದು ಕೇಳುವುದಿಲ್ಲ. ಅಯ್ಯೋ ಹೋಯ್ತು ಎನ್ನುತ್ತಾರೆ, ಅಷ್ಟೆ. ಷಡಕ್ಷರಿ ಹಿಡಿಯ ಮೇಲೆ ಕೈ ಇಟ್ಟ. ತಣ್ಣಗಿತ್ತು. "ಹೊರಗೆ ದಾರೀಲಿ ನಿಂತಿದಾರಲ್ಲ, ಇವರು ಅಜ್ಜನ ಮಗಳು. ಸೀತಕ್ಕ ಅಂತ. ಗಂಡನ ಹೆಸರು ಶೇಷಪ್ಪ. ನೋಡಿ, ಇಲ್ಲಿ ಒತ್ತಿದ್ರೆ ಎಲ್ಲರ ವಂಶಾವಳಿ ಬರುತ್ತೆ. ಇವಳು ಸೀತಕ್ಕನ ಮಗಳು, ರಮ್ಯ." ಆಗ ಬಹಳ ಮೆಲ್ಲಗೆ ಆ ದನಿ ಹೇಳಿತು: "ರಮ್ಯ ಅಲ್ಲ ಮಗ. ಅಂಬಿಕಾ." ಷಡಕ್ಷರಿಯ ಕೈ ಸ್ವಿಚ್ಚಿನಿಂದ ಜಾರಿತು. ಮಗಳಿದ್ದಾಳೆಂದು ಕೌಲುಗದ್ದೆಯ ಪಂಚರಲ್ಲೊಬ್ಬ ಬಾಯಿ ತಪ್ಪಿ ಆಡಿದ್ದ, ಹೆಸರು ಹೇಳಿರಲಿಲ್ಲ. ಹಾಗಾಗಿ ಆ ಒಂದು ಹೆಸರನ್ನು ಮಾತ್ರ ಅವನು ನಿಜವಾಗಿ ಮನಸ್ಸಿನಿಂದ ಇಟ್ಟಿದ್ದ. ಅದೊಂದೇ ತಪ್ಪಾಗಿತ್ತು. ಒಲೆ ಆರಿಸಿ ಹೊರಗೆ ಬಂದ.

ಸೀತಕ್ಕ ಪರದೆಯ ಎದುರು ನಿಂತಿದ್ದಳು, ಒಂದು ಕೈ ಕುರ್ಚಿಯ ಬೆನ್ನಿನ ಮೇಲೆ. ಗೆರೆಗಳ ಕೊನೆಯಲ್ಲಿ ಬಣ್ಣದ ಮುಖಗಳು. ತಿರುಗದೆಯೇ ಕೇಳಿದಳು, "ಇದ್ರಲ್ಲಿ ನಾನು ಇದೀನಾ, ಸತ್ತಿದೀನಾ?" ಪ್ರಶ್ನೆ ನಿಶ್ಚಿತಾಳಿಗೆ ಅರ್ಥವಾಗಲಿಲ್ಲ. ಅಪ್ಪನ ಮುಖ ನೋಡಿದಳು, ಹೆಂಗಸಿನ ಮುಖ ನೋಡಿದಳು. "ಅಪ್ಪ, ಇವರೇನಾ?"

ಇಲ್ಲ ಎನ್ನಲು ಷಡಕ್ಷರಿಗೆ ಇನ್ನೂ ಜಾಗವಿತ್ತು. ಒಂದೇ ಹೆಸರಿನವರು ಹತ್ತು ಜನ ಇರುತ್ತಾರೆ ಎನ್ನಬಹುದಿತ್ತು. "ಹೌದು. ಇವರೇ" ಎಂದ. ಆಮೇಲೆ ಸೀತಕ್ಕನಿಗೆ, "ಇದೀರಿ. ಬಣ್ಣದಲ್ಲಿರೋರೆಲ್ಲ ಇರೋರು" ಎಂದ.

"ಹಂಗಾದ್ರೆ ನಿಮಗೆ ಗೊತ್ತಿತ್ತು."

"ಗೊತ್ತಿತ್ತು. ನಿಮ್ಮಪ್ಪನ್ನ ನೋಡಕ್ಕೆ ಬಂದಿದ್ರಲ್ಲ, ಆವತ್ತು ಜಗಲಿ ಮೇಲೆ ಕೂತಿದ್ದವನು ನಾನು."

"ಅದು ನೀವೇ ಅಂತ ನಂಗೆ ಮೆಟ್ಟಿಲು ಹತ್ತುವಾಗಲೇ ಗೊತ್ತಾಯ್ತು." ದನಿಯಲ್ಲಿ ಸಿಟ್ಟಿರಲಿಲ್ಲ. "ನೀವಾಗೇ ಹೇಳ್ತೀರೇನೋ ಅಂತ ಕೂತಿದ್ದೆ."

ನಾಚಿಕೆ ಕಾಲಿನಿಂದ ಮೇಲಕ್ಕೆ ಏರುವುದು ಎಂದರೇನೆಂದು ಷಡಕ್ಷರಿಗೆ ಆಗ ತಿಳಿಯಿತು. ಹೇಳಬಾರದೆಂದುಕೊಂಡದ್ದನ್ನೇ ಹೇಳಿದ: "ನನ್ನ ಕೆಲಸ ಹೋಗ್ತದೆ ಸೀತಕ್ಕ." ಹೇಳುತ್ತಿದ್ದಂತೆ ತನ್ನ ದನಿ ಎಷ್ಟು ಸಣ್ಣದಾಗಿದೆಯೆಂದು ಕೇಳಿಸಿಕೊಂಡ.

"ನಾ ಸತ್ತು ಎರಡು ವರ್ಷ ಆಯ್ತಲ್ಲ ಶ್ಯಾನುಭೋಗ್ರೇ," ಎಂದಳು ಸೀತಕ್ಕ. "ಒಂದಿನ ಕೂಲಿ ತಪ್ಪಿಸಿಲ್ಲ." ಪರದೆಯ ಕಡೆ ಗಲ್ಲ ತೋರಿಸಿದಳು. "ಇದ್ರಲ್ಲಿ ಯಾರೂ ನೋಡದಲ್ಲಿ ಇಷ್ಟು ಚಂದ ಬರ್ದಿದೀರಲ್ಲ. ಇದನ್ನೇ ಅಲ್ಲೂ ಬರೀರಿ. ನಂಗೆ ಬೇರೆಂತದೂ ಬೇಡ."

ನಿಶ್ಚಿತಾ ಕೇಳದೆಯೇ ತನ್ನ ನೋಟುಬುಕ್ಕಿನ ನಡುವಿನಿಂದ ಹಾಳೆ ಕಿತ್ತುಕೊಟ್ಟಳು. ಷಡಕ್ಷರಿ ನೆಲದ ಮೇಲೆ ಕೂತು, ಸಮಾಜ ಪುಸ್ತಕವನ್ನು ಹಾಳೆಯ ಅಡಿಗಿಟ್ಟುಕೊಂಡು ಬರೆದ. ಇಪ್ಪತ್ತೆರಡು ವರ್ಷ ಕಂಡವರ ಹೇಳಿಕೆ ಬರೆದ ಕೈಗೆ ತನ್ನದನ್ನು ಬರೆಯುವಾಗ ಮೊದಲ ಸಾಲು ಹೇಗೆಂದೇ ಹೊಳೆಯಲಿಲ್ಲ. ಆಮೇಲೆ ಸರಾಗವಾಯಿತು. ಕೌಲುಗದ್ದೆ, ತಾರೀಕು, ಪಂಚರ ಹೆಸರು, ಎಲ್ಲ ಬಂತು. ತಿಳಿದಿದ್ದೂ ಎಂಬ ಮಾತಿನ ಬಳಿ ಪೆನ್ನು ನಿಂತಿತು. ತಿಳಿಯದೆ ಎಂದು ಬರೆದರೂ ಆಕೆಗೆ ಓದಲು ಬರುವುದಿಲ್ಲ. ಈ ವಿಚಾರ ತನಗೆ ಬಂದುಬಿಟ್ಟಿತಲ್ಲ ಎಂದು ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ತಿಳಿದಿದ್ದೂ ಎಂದೇ ಬರೆದು ಸಹಿ ಹಾಕಿ ಕೊಟ್ಟ.

ಸೀತಕ್ಕ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದಳು, ತಿರುಗಿಸಿ ಹಿಂಭಾಗವನ್ನೂ ನೋಡಿದಳು. ಆಮೇಲೆ ಅದನ್ನು ಷಡಕ್ಷರಿಗೆ ಕೊಡಲಿಲ್ಲ, ನಿಶ್ಚಿತಾಳ ಕೈಗೆ ಕೊಟ್ಟಳು. "ನೀನು ಓದು ಮಗ. ಗಟ್ಟಿ ಓದು."

ನಿಶ್ಚಿತಾ ಪಾಠ ಓದುವ ದನಿಯಲ್ಲೇ ಶುರು ಮಾಡಿದಳು. "ದಿವಂಗತ ಕೃಷ್ಣಪ್ಪನವರ ಮಗಳಾದ ಸೀತಮ್ಮನವರು ಕಿಗ್ಗದಲ್ಲಿ ಜೀವಂತವಾಗಿದ್ದು, ಅವರಿಗೆ ಅಂಬಿಕಾ ಎಂಬ ಮಗಳಿರುತ್ತಾಳೆ. ಇವರು ಬದುಕಿರುವ ಸಂಗತಿ ಗ್ರಾಮ ಲೆಕ್ಕಿಗನಾದ ನನಗೆ ತಿಳಿದಿದ್ದೂ..." ಅಲ್ಲಿ ನಿಂತಳು. ಹಾಳೆಯಿಂದ ಕಣ್ಣೆತ್ತಿ ಅಪ್ಪನನ್ನು ನೋಡಿದಳು. ಷಡಕ್ಷರಿ ಈ ಸಲ ಬೇರೆ ಎಲ್ಲೂ ನೋಡಲಿಲ್ಲ, ಮಗಳನ್ನೇ ನೋಡಿದ.

"ಮುಂದೆ ಓದು" ಎಂದ.